ಬಾಸ್ ಇಲ್ಲದ ರೆಕಾರ್ಡು

ಭಾವನ ಹೊಸ ರೆಕಾರ್ಡು ಬಂದಿದೆ ಎನ್ನುವ ಸುದ್ದಿ ಪುಟ್ಟನ ಕಿವಿಗೆ ಬಿದ್ದದ್ದು ಒಬ್ಬ ಗಿರಾಕಿಯ ಬಾಯಿಂದ. ಕನ್ನಡಕದ ಅಂಗಡಿಯ ಮೇಜಿನ ಹಿಂದೆ ಕೂತು ಅವನು ಒಬ್ಬ ನಿವೃತ್ತ ಮೇಷ್ಟರ ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಮೆಲ್ಲಗೆ ಬಗ್ಗಿಸುತ್ತಿದ್ದ. ಕನ್ನಡಕವಿಲ್ಲದ ಮೇಷ್ಟರು ಪುಟ್ಟನ ಮುಖ ಇರಬಹುದಾದ ದಿಕ್ಕಿಗೆ ನೋಡುತ್ತ, "ನಿಮ್ಮ ಭಾವನ ಹೊಸ ರೆಕಾರ್ಡು ಕೇಳ್ದೆ. ಅಬ್ಬಾ, ಪಿಯಾನೊ ಮೇಲೆ ಏನು ಕೈ ರೀ ಅವರದು! ಆದ್ರೆ ನೀವು ನುಡಿಸೋ ಬಾಸ್ ಮಾತ್ರ ಎಲ್ಲೂ ಕೇಳಿಸ್ಲೇ ಇಲ್ಲ. ನನ್ನ ಮೊಬೈಲಿನ ಸ್ಪೀಕರ್ ಕೆಟ್ಟಿದೆಯೋ ಏನೋ," ಎಂದರು.

"ಕೆಟ್ಟಿರಬೇಕು," ಎಂದ ಪುಟ್ಟ. ಕಡ್ಡಿ ಬೇಕಾದ್ದಕ್ಕಿಂತ ಹೆಚ್ಚು ಬಗ್ಗಿತು.

ಪುಟ್ಟ ಎನ್ನುವುದು ಅಕ್ಕ ಇಟ್ಟ ಹೆಸರು. ಐವತ್ತು ದಾಟಿದ ಮೇಲೂ ಅದು ಉದುರಲಿಲ್ಲ, ಕಾರಣ ಆಳು ಇರುವುದೇ ಅಷ್ಟು. ಅವನು ನುಡಿಸುವ ಡಬಲ್ ಬಾಸ್ ಅವನಿಗಿಂತ ಒಂದು ಗೇಣು ಎತ್ತರ. ಅದನ್ನು ನೋಡಿದವರು ಮೊದಲು ದೈತ್ಯ ಪಿಟೀಲು ಅಂದುಕೊಳ್ಳುತ್ತಾರೆ, ಆಮೇಲೆ ಅದರ ಹಿಂದಿನಿಂದ ಒಬ್ಬ ಮನುಷ್ಯ ಇಣುಕುವುದನ್ನು ನೋಡಿ ನಗುತ್ತಾರೆ. ನಗು ನಿಲ್ಲುವುದು ಅವನು ತಂತಿ ಮೀಟಿದಾಗ. ಪಿಯಾನೊ ಮಾತಾಡುತ್ತದೆ, ಡ್ರಮ್ಸು ಹ್ಞೂಂಗುಟ್ಟುತ್ತದೆ, ಬಾಸ್ ಕಾಲ ಕೆಳಗಿನ ನೆಲದ ಹಾಗೆ ಇರುತ್ತದೆ ಎಂದು ಭಾವನೇ ಒಮ್ಮೆ ವೇದಿಕೆಯ ಮೇಲೆ ಹೇಳಿದ್ದರು. ಆ ಮಾತನ್ನು ಪುಟ್ಟನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಭಾವ ಮೊದಲು ಮನೆಗೆ ಬಂದದ್ದು ಭಾವನಾಗಿ ಅಲ್ಲ, ಗೆಳೆಯನಾಗಿ. ಪುಟ್ಟನ ಕೋಣೆಯಲ್ಲಿ ಜಾಜ್ ಅಭ್ಯಾಸ ಮಾಡಲು ಬರುತ್ತಿದ್ದವರು, ಬರುಬರುತ್ತ ಕೋಣೆಗೆ ಬರುವ ಮೊದಲು ಅಡುಗೆಮನೆಗೆ ಹೋಗತೊಡಗಿದರು. ಅಕ್ಕನನ್ನು ಮದುವೆಯಾದ ಮೇಲೆ ಪುಟ್ಟ "ನೀನು" ಬಿಟ್ಟು "ನೀವು" ಹಿಡಿಯಬೇಕಾಯಿತು. ಅಲ್ಲಿಂದೀಚೆಗೆ ಈ ಇಬ್ಬರು, ಜೊತೆಗೊಬ್ಬ ಡ್ರಮ್ಮಿನವನು, ಮೂವರೂ ಸೇರಿ ಎಷ್ಟು ಸಭಾಂಗಣ, ಎಷ್ಟು ಹೋಟೆಲು, ಎಷ್ಟು ಮದುವೆ ಊಟದ ಮೂಲೆಗಳಲ್ಲಿ ನುಡಿಸಿದ್ದರೋ ಲೆಕ್ಕವಿಲ್ಲ. ಭಾವನಿಗೆ ಹೆಸರು ಬಂತು. ಪುಟ್ಟನಿಗೆ ಕನ್ನಡಕದ ಅಂಗಡಿ ಇತ್ತು. ಇಬ್ಬರಿಗೂ ಅದರಲ್ಲಿ ಬೇಜಾರೇನೂ ಇರಲಿಲ್ಲ.

ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಅವನು ಗಾಜು ಉಜ್ಜುವ ಒಳಕೋಣೆಯಲ್ಲಿ ಕೂತು ರೆಕಾರ್ಡು ಕೇಳಿದ. ಮೇಷ್ಟರ ಸ್ಪೀಕರ್ ಕೆಟ್ಟಿರಲಿಲ್ಲ. ಬರೀ ಪಿಯಾನೊ. ಬಾಸ್ ಇಲ್ಲ, ಡ್ರಮ್ಸೂ ಇಲ್ಲ. ಅದರಲ್ಲಿ ಎರಡು ಹಾಡುಗಳು ಅವರು ವರ್ಷಾನುಗಟ್ಟಲೆ ಒಟ್ಟಿಗೆ ನುಡಿಸಿದವು. ಒಂದರಲ್ಲಂತೂ ಪುಟ್ಟ ಒಬ್ಬನೇ ನುಡಿಸುವ ಜಾಗ ಬಂದಾಗ ಭಾವ ಕೈ ಎತ್ತಿ ಸುಮ್ಮನಾಗಿಬಿಟ್ಟಿದ್ದರು. ನಾಲ್ಕು ಎಣಿಕೆ ಬರೀ ಮೌನ. ಆಮೇಲೆ ಪಿಯಾನೊ ಮತ್ತೆ ಶುರು. ಇದು ಬಾರದವನಿಗಾಗಿ ಕುರ್ಚಿ ಖಾಲಿ ಇಟ್ಟ ಹಾಗೋ, ಅಥವಾ ಕುರ್ಚಿಯನ್ನೇ ಎತ್ತಿ ಹೊರಗಿಟ್ಟ ಹಾಗೋ ಪುಟ್ಟನಿಗೆ ತಿಳಿಯಲಿಲ್ಲ. ಮತ್ತೆ ಮತ್ತೆ ಕೇಳಿದ. ಒಮ್ಮೆ ಕಣ್ಣು ತುಂಬಿ ಬಂತು, ಮರುಸಲಕ್ಕೆ ಮೈ ಉರಿಯಿತು.

ಪತ್ರಿಕೆಯವನೊಬ್ಬ ಆ ರೆಕಾರ್ಡನ್ನು ಹೊಗಳಿ ಬರೆದಿದ್ದ. ಪಿಯಾನೊ ವಾದಕರ ಎಡಗೈಗೆ ಈಗ ಹೊಸದೊಂದು ಮಿತಭಾಷೆ ಬಂದಿದೆ, ಮಂದ್ರದ ಸ್ವರಗಳನ್ನು ಅವರು ಜಿಪುಣನ ಹಾಗೆ ಖರ್ಚು ಮಾಡುತ್ತಾರೆ, ಇದು ಪ್ರೌಢತೆ, ಎಂದೆಲ್ಲ. ಪುಟ್ಟ ಅದನ್ನು ಓದಿ ಇನ್ನಷ್ಟು ಗೊಂದಲಕ್ಕೆ ಬಿದ್ದ. ಭಾವನ ಎಡಗೈ ಅವನಿಗೆ ಗೊತ್ತಿದ್ದ ಮಟ್ಟಿಗೆ ದುಂದುಗಾರ.

ಇದೆಲ್ಲ ಇದ್ದಕ್ಕಿದ್ದಂತೆ ಆದದ್ದೂ ಅಲ್ಲ. ಹೋದ ವರ್ಷದಿಂದಲೇ ಅಭ್ಯಾಸದ ನಡುವೆ ಭಾವ ತಟ್ಟನೆ ನಿಲ್ಲಿಸಿ, "ಪುಟ್ಟ, ಶ್ರುತಿ ನೋಡ್ಕೋ," ಎನ್ನುವುದು ಶುರುವಾಗಿತ್ತು. ಒಂದು ದಿನ ಬಾಸ್ ಮೇಲಕ್ಕಿದೆ ಎನ್ನುವರು, ಇನ್ನೊಂದು ದಿನ ಕೆಳಗಿದೆ ಎನ್ನುವರು. ಅವನು ತಂತಿ ಬದಲಿಸಿದ. ಬಾಸನ್ನು ರಿಪೇರಿಯವನ ಹತ್ತಿರ ಹೊತ್ತೊಯ್ದ. ರಿಪೇರಿಯವನು ತಟ್ಟಿ ನೋಡಿ, ಬಗ್ಗಿ ನೋಡಿ, "ಇದಕ್ಕೇನಾಗಿದೆ? ಕಲ್ಲುಗುಂಡಿನ ಹಾಗಿದೆ," ಎಂದ. ಹಾಗಾದರೆ ಕೆಟ್ಟಿರುವುದು ತನ್ನ ಬೆರಳೇ ಇರಬೇಕು ಎಂದುಕೊಂಡ ಪುಟ್ಟ. ಬೆರಳಲ್ಲದಿದ್ದರೆ ಕಿವಿ. ಹೆಂಡತಿಗೂ ಹೇಳದೆ ಕಿವಿಯ ಡಾಕ್ಟರ ಹತ್ತಿರ ಹೋಗಿ, ಗಾಜಿನ ಪೆಟ್ಟಿಗೆಯೊಳಗೆ ಕೂತು, ಕೀ ಕೀ ಎಂದಾಗೆಲ್ಲ ಗುಂಡಿ ಒತ್ತಿ ಬಂದ. "ನಿಮ್ಮ ವಯಸ್ಸಿಗೆ ಇಂಥ ಕಿವಿ ಸಿಗೋದು ಅಪರೂಪ," ಎಂದರು ಡಾಕ್ಟರು. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಯಾವುದೂ ಕೆಟ್ಟಿಲ್ಲ ಎಂದರೆ ಕೆಟ್ಟದ್ದು ಏನು?

ಆ ಬೇಸಿಗೆಯಲ್ಲಿ ಮೂವರೂ ಸೇರಿ ಮಾಡಿದ ರೆಕಾರ್ಡಿನಲ್ಲಿ ಬಾಸ್ ಎಷ್ಟು ಸಣ್ಣಗಿತ್ತೆಂದರೆ ಪಕ್ಕದ ಮನೆಯಲ್ಲಿ ಯಾರೋ ನುಡಿಸುತ್ತಿರುವ ಹಾಗಿತ್ತು. ಸ್ಟುಡಿಯೋದವನನ್ನು ಕೇಳಿದರೆ, "ನಂಗೇನೂ ಕೇಳ್ಬೇಡಿ ಸಾರ್, ಅವರೇ ತಗ್ಗಿಸು ತಗ್ಗಿಸು ಅಂದ್ರು," ಎಂದು ಕೈ ತೊಳೆದುಕೊಂಡಿದ್ದ.

ಸಂಜೆ ಮನೆಗೆ ಬಂದಾಗ ಹೆಂಡತಿಗೆ ಆಗಲೇ ಎಲ್ಲ ಗೊತ್ತಿತ್ತು. ಅವಳು ಮುಂದಿನ ಕಾರ್ಯಕ್ರಮಗಳ ಪ್ರಕಟಣೆಗಳನ್ನೂ ಹುಡುಕಿ ಇಟ್ಟಿದ್ದಳು.

"ನೋಡಿ ಇಲ್ಲಿ. ಪುರಭವನದಲ್ಲಿ ಮೂವರದೂ ಇದೆ, ನೀವೂ ಇದೀರಿ. ನದಿ ದಡದ ರಂಗಮಂದಿರದಲ್ಲಿ ಅವರೊಬ್ಬರೇ. ಇನ್ನು ಇದು ನೋಡಿ, ಕಾಲೇಜಿನದು. ಇದರಲ್ಲಿ ನಿಮ್ಮ ಬಾಸಿನ ಕತ್ತು ಇದೆ, ನಿಮ್ಮ ತಲೆ ಇಲ್ಲ."

ಪುಟ್ಟ ಕನ್ನಡಕ ಹಣೆಗೇರಿಸಿ ನೋಡಿದ. ನಿಜವೇ. ಫೋಟೋವನ್ನು ಕತ್ತರಿಸಿದವನು ಭಾವನ ಭುಜದ ಮೇಲೆ ಬಾಸಿನ ಸುರುಳಿ ಕತ್ತನ್ನು ಮಾತ್ರ ಉಳಿಸಿದ್ದ. ಭಾವನ ಹೆಗಲಿನಿಂದ ಏನೋ ಮೊಳೆತ ಹಾಗೆ ಕಾಣುತ್ತಿತ್ತು.

"ಹಾಗಾದ್ರೆ ನಾನು ಇದೀನೋ, ಇಲ್ವೋ?"

"ಅದನ್ನ ನಿಮ್ಮಕ್ಕನ್ನ ಕೇಳಿ. ಕಾರ್ಯಕ್ರಮ ಎಲ್ಲ ಒಪ್ಕೊಳ್ಳೋದು ಅವರೇ ತಾನೆ? ನನಗಂತೂ ಇದು ಅತ್ತಿಗೆ ಕೆಲಸ ಅಂತಾನೇ ಅನ್ಸುತ್ತೆ. ಹೋದ ಸಲ ಅವರ ಸೀರೆ ಬಣ್ಣ ಮಂಕಾಗಿದೆ ಅಂದೆನಲ್ಲ, ಅದನ್ನ ಇನ್ನೂ ಮನಸ್ಸಲ್ಲಿಟ್ಕೊಂಡಿದಾರೆ."

"ಸೀರೆಗೂ ಬಾಸಿಗೂ ಏನೇ ಸಂಬಂಧ?"

"ಸಂಬಂಧ ಇಲ್ಲದೆ ಏನಿದೆ ರೀ ಈ ಮನೆತನದಲ್ಲಿ," ಎಂದು ಅವಳು ಒಗೆದ ಬಟ್ಟೆ ಮಡಿಸಲು ಎದ್ದುಹೋದಳು.

ಭಾನುವಾರ ಪುಟ್ಟ ಅಕ್ಕನ ಮನೆಗೆ ಹೋದ. ಕೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ. ಬಾಗಿಲು ತೆಗೆದ ಅಕ್ಕನ ಮುಖ ನೋಡಿದ್ದೇ ತಡ ಎಲ್ಲ ಮರೆತುಹೋಯಿತು, ಏಕೆಂದರೆ ಸಿಟ್ಟಾಗಿದ್ದವಳು ಅವಳು.

"ಬಂದ್ಯಾ? ಈಗ ಬಿಡುವು ಸಿಕ್ತಾ ನಿಂಗೆ?"

"ಯಾವ ಬಿಡುವು?"

"ನಾಟಕ ಆಡ್ಬೇಡ ಕಣೋ. ಅಂಗಡಿ ಕೆಲಸ ಜಾಸ್ತಿ, ಇನ್ಮೇಲೆ ನುಡಿಸೋಕೆ ಬರಲ್ಲ ಅಂತ ಅವರಿಗೆ ಹೇಳಿ ಕಳಿಸಿದೀಯಂತೆ. ಇಷ್ಟು ವರ್ಷದ ಮೇಲೆ ನನಗೊಂದು ಮಾತು ಹೇಳೋಕಾಗ್ಲಿಲ್ವಾ? ಒಬ್ಬರೇ ಕೂತು ರೆಕಾರ್ಡ್ ಮಾಡಿದ್ರು ಪಾಪ."

ಪುಟ್ಟ ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತ. "ನಾನು ಹೇಳಿ ಕಳಿಸಿದ್ನಾ? ಯಾರ ಹತ್ರ?"

"ಅದು ನಂಗೇನು ಗೊತ್ತು? ಅವರು ಹಾಗಂದ್ರು."

"ಮತ್ತೆ ಪುರಭವನದ ಪ್ರಕಟಣೆಯಲ್ಲಿ ನನ್ನ ಹೆಸರಿದೆಯಲ್ಲ!"

"ಅದು ನಾನು ಹಾಕ್ಸಿದ್ದು. ಹೆಸರು ನೋಡಿದ್ರಾದ್ರೂ ನಿಂಗೆ ನಾಚಿಕೆ ಆಗಲಿ ಅಂತ."

ಅಷ್ಟರಲ್ಲಿ ಭಾವ ಒಳಗಿನಿಂದ ಬಂದರು. ಬಂದವರು ಕಿಟಕಿಯ ಪಕ್ಕ, ಎಡ ಭುಜ ಗೋಡೆಗೆ ತಾಗುವ ಹಾಗೆ ಸೋಫಾದ ಮೂಲೆ ಸೇರಿದರು. ಪುಟ್ಟನನ್ನು ನೋಡಿ ಮುಖ ಅರಳಿಸಿದರು, ಆಮೇಲೆ ಅರಳಿಸಿದ್ದು ತಪ್ಪಾಯಿತೇನೋ ಎನ್ನುವ ಹಾಗೆ ಮಡಚಿಕೊಂಡರು.

"ರೆಕಾರ್ಡ್ ಕೇಳ್ದೆ ಭಾವ," ಎಂದ ಪುಟ್ಟ.

"ಹೌದಾ? ಏನೋ ಒಂದು ಪ್ರಯೋಗ. ಚೆನ್ನಾಗಿಲ್ಲ ಬಿಡು."

"ಚೆನ್ನಾಗಿದೆ. ಆದ್ರೆ ನನಗೆ ಬಿಡುವಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

ಭಾವ ಸ್ವಲ್ಪ ಹೊತ್ತು ಅವನ ತುಟಿ ನೋಡಿದರು. "ನೀನೇ ಅಂದ ಹಾಗಿತ್ತು. ಅಥವಾ ಡ್ರಮ್ಮಿನವನು ಅಂದ್ನೋ? ಇರಲಿ. ಪುರಭವನಕ್ಕೆ ಬರ್ತೀಯಲ್ಲ?"

"ಬರ್ತೀನಿ."

"ಬೇಡ ಬಿಡು, ನಿಂಗ್ಯಾಕೆ ತೊಂದರೆ."

"ತೊಂದರೆ ಏನಿಲ್ಲ."

"ಹಾಗಾದ್ರೆ ಬಾ. ನೋಡೋಣ. ಅನುಕೂಲ ಆದ್ರೆ ಬಾ."

ಅಕ್ಕ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. "ನಿಮ್ಮಿಬ್ಬರಿಗೆ ಜಗಳ ಆಗಿದ್ರೆ ಜಗಳ ಆಡಿ. ಇದೇನಿದು, ಬಾ ಬೇಡ, ಬೇಡ ಬಾ?" ಎಂದಳು. ಭಾವ ಅವಳು ಹೇಳಿದ್ದು ಕೇಳಿಸದವರ ಹಾಗೆ ಚಹಾ ಬಟ್ಟಲನ್ನು ತಿರುಗಿಸುತ್ತ ಕೂತರು. ಪುಟ್ಟ ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡು ಮನೆಗೆ ಬಂದ.

ಡ್ರಮ್ಮಿನವನಿಗೆ ಫೋನು ಮಾಡಿದ. ವೇದಿಕೆಯ ಮೇಲೆ ಗುಡುಗಿನ ಹಾಗಿರುವ ಆ ಮನುಷ್ಯ ಫೋನಿನಲ್ಲಿ ಪಿಸುಗುಡುತ್ತಾನೆ.

"ನಾನು ಯಾರಿಗೂ ಏನೂ ಹೇಳಿಲ್ಲ ಕಣಯ್ಯ. ನಂಗೆ ಅವರು ಹೇಳಿದ್ದು ಬೇರೆ. ನಿನಗೂ ನಿಮ್ಮಕ್ಕನಿಗೂ ಆಗಿಬರ್ತಿಲ್ಲ ಅಂತ."

"ನಂಗೂ ಅಕ್ಕನಿಗೂ?"

"ಹ್ಞೂಂ. ಸ್ಟುಡಿಯೋದವನಿಗೆ ನಿನಗೆ ಕೈ ನೋವು ಅಂದಿದಾರೆ. ನಾನು ಯಾವುದನ್ನ ನಂಬಲಿ? ಒಂದು ಮಾತ್ರ ಹೇಳ್ತೀನಿ, ನೀನು ಶ್ರುತಿ ತಪ್ತಿಲ್ಲ. ಆದ್ರೆ ನಾನು ಬರೀ ಬಡಿಯೋವ್ನು, ಶ್ರುತಿ ವಿಷಯದಲ್ಲಿ ನನ್ನ ಮಾತು ಯಾರು ಕೇಳ್ತಾರೆ."

ಪುಟ್ಟ ಫೋನಿಟ್ಟ. ಒಬ್ಬೊಬ್ಬರಿಗೆ ಒಂದೊಂದು ಕತೆ ಹೇಳುವುದು ಭಾವನ ಜಾಯಮಾನವಲ್ಲ. ಸುಳ್ಳು ಹೇಳಲು ಬಾರದೆ ಪೇಚಿಗೆ ಸಿಕ್ಕಿಕೊಂಡ ಸಂದರ್ಭಗಳೇ ಆ ಮನುಷ್ಯನ ಬದುಕಿನಲ್ಲಿ ಹೆಚ್ಚು. ತನ್ನನ್ನು ಬಿಡಬೇಕೆಂದಿದ್ದರೆ ಮುಖಕ್ಕೆ ಹೇಳುತ್ತಿದ್ದರು. ಇಟ್ಟುಕೊಳ್ಳಬೇಕೆಂದಿದ್ದರೆ ಈ ಸರ್ಕಸ್ಸು ಯಾಕೆ?

ಆ ವಾರ ಅಂಗಡಿಗೆ ಒಬ್ಬ ಬಸ್ ಚಾಲಕ ಬಂದ. ಕಣ್ಣು ಪರೀಕ್ಷೆಯ ಫಲಕದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪಟಪಟ ಓದಿಬಿಟ್ಟ. ಅಷ್ಟು ಚೆನ್ನಾಗಿ ಓದುವವನು ಹೊಸ್ತಿಲು ಎಡವಿಕೊಂಡು ಒಳಗೆ ಬಂದದ್ದನ್ನು ಪುಟ್ಟ ನೋಡಿದ್ದ. ಮಾತಾಡದೆ ಫಲಕವನ್ನು ತೆಗೆದು ಬೇರೆ ಅಕ್ಷರಗಳ ಫಲಕ ತಗುಲಿಸಿದ. ಚಾಲಕ ಎರಡನೆಯ ಸಾಲಿಗೇ ನಿಂತುಬಿಟ್ಟ. ಆಮೇಲೆ ಕೆರಳಿದ. "ನಿಮ್ಮ ಬೋರ್ಡೇ ಸರಿಯಿಲ್ಲ ರೀ. ಅಕ್ಷರ ಎಲ್ಲ ಅಳಿಸಿಹೋಗಿವೆ," ಎಂದು ಕೂಗಾಡಿದ.

ಇಂಥವರು ತಿಂಗಳಿಗೊಬ್ಬರಾದರೂ ಬರುತ್ತಿದ್ದರು. ಕೆಲಸ ಹೋಗುವ ಭಯಕ್ಕೆ ಫಲಕವನ್ನು ಬಾಯಿಪಾಠ ಮಾಡಿಕೊಂಡು ಬರುವವರು. ಪುಟ್ಟ ಎಂದಿನಂತೆ ಅವನನ್ನು ಸಮಾಧಾನ ಮಾಡಿ, ನೀರು ಕೊಟ್ಟು, ಕುರ್ಚಿಯಲ್ಲಿ ಕೂರಿಸಿದ. ಗಾಜಿನ ಬಿಲ್ಲೆಗಳನ್ನು ಒಂದೊಂದಾಗಿ ಅವನ ಕಣ್ಣಿನ ಮುಂದಿಟ್ಟು "ಇದು ಚೆನ್ನಾಗಿದೆಯೋ, ಇದೋ?" ಎಂದು ಕೇಳುತ್ತಿರುವಾಗ ತನ್ನ ಕೈ ತಾನೇ ನಿಂತುಬಿಟ್ಟಿತು. ನಿನ್ನ ತಂತಿ ಸರಿಯಿಲ್ಲ, ಶ್ರುತಿ ನೋಡ್ಕೋ ಎನ್ನುವ ಭಾವನ ಮಾತು. ಗೋಡೆಗೆ ಒತ್ತಿದ ಎಡ ಭುಜ. ತುಟಿಯನ್ನೇ ನೋಡುವ ಕಣ್ಣು.

"ಏನ್ರೀ, ನಿದ್ದೆ ಬಂತಾ?" ಎಂದ ಚಾಲಕ.

ಗೊತ್ತಾಯಿತು ಎಂದು ಹೇಳುವಷ್ಟು ಧೈರ್ಯ ಪುಟ್ಟನಿಗೆ ಇರಲಿಲ್ಲ. ಪಿಯಾನೊ ನುಡಿಸುವವನಿಗೆ ಕಿವಿ ಕೆಟ್ಟರೆ ಅಷ್ಟು ಚೆಂದದ ರೆಕಾರ್ಡು ಮಾಡಲು ಸಾಧ್ಯವೇ? ಹೊಸ ರೆಕಾರ್ಡಿನಲ್ಲಿ ಒಂದೇ ಒಂದು ತಪ್ಪು ಇರಲಿಲ್ಲ. ತನ್ನನ್ನು ಕೈಬಿಟ್ಟದ್ದಕ್ಕೆ ತಾನೇ ಒಂದು ಗೌರವದ ಕಾರಣ ಹೆಣೆಯುತ್ತಿದ್ದೇನೋ ಎಂಬ ಅನುಮಾನವೂ ಬಂತು. ಹೆಂಡತಿಗೆ ಹೇಳಿದರೆ ಅವಳು ಮತ್ತೆ ಸೀರೆಗೆ ಬರುತ್ತಾಳೆ. ಯಾರಿಗೂ ಹೇಳಲಿಲ್ಲ.

ಪುರಭವನದ ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ಅವನು ಬಾಸನ್ನು ಹೊದಿಕೆ ಸಮೇತ ಹೊತ್ತುಕೊಂಡು ಸಭಾಂಗಣಕ್ಕೆ ಹೋದ. ಅಭ್ಯಾಸಕ್ಕೆ ಯಾರೂ ಕರೆದಿರಲಿಲ್ಲ, ಬರಬೇಡ ಎಂದೂ ಹೇಳಿರಲಿಲ್ಲ. ಖಾಲಿ ಕುರ್ಚಿಗಳ ಸಾಲುಗಳ ನಡುವೆ ಒಬ್ಬಾಕೆ ಕಸ ಗುಡಿಸುತ್ತಿದ್ದಳು. ವೇದಿಕೆಯ ಮೇಲೆ ಭಾವ ಒಬ್ಬರೇ ಪಿಯಾನೊ ಮುಂದೆ ಕೂತಿದ್ದರು. ಅವನನ್ನು ಕಂಡು ನುಡಿಸುವುದನ್ನು ನಿಲ್ಲಿಸಿದರು.

"ಬಂದ್ಯಾ," ಎಂದರು. ಸಂತೋಷವೋ ಸಂಕಟವೋ ಗೊತ್ತಾಗದ ದನಿ.

ಪುಟ್ಟ ಎಂದಿನ ಜಾಗದಲ್ಲಿ, ಅವರ ಎಡಗಡೆ ನಿಂತು, ದಪ್ಪ ತಂತಿಯನ್ನು ಮೀಟಿದ. ಭಾವನ ಹುಬ್ಬು ಗಂಟಿಕ್ಕಿತು.

"ಕೆಳಗಿದೆ ಕಣೋ."

ಪುಟ್ಟ ತಂತಿಯ ಬಿರಡೆಗೆ ಕೈ ಹಾಕಿ ತಿರುಗಿಸಿದ ಹಾಗೆ ಮಾಡಿದ. ತಿರುಗಿಸಲಿಲ್ಲ. ಮತ್ತೆ ಮೀಟಿದ. "ಈಗ?"

"ಈಗ ಮೇಲೆ ಹೋಯ್ತು. ಸ್ವಲ್ಪ ಇಳಿಸು."

ಇಳಿಸಿದ ಹಾಗೆ ಮಾಡಿದ. "ಈಗ?"

"ಹತ್ರ ಬಂತು."

ಪುಟ್ಟನಿಗೆ ಇಷ್ಟಕ್ಕೇ ನಿಲ್ಲಿಸಿ ಮನೆಗೆ ಹೋಗಿಬಿಡೋಣ ಎನಿಸಿತು. ಆದರೂ ಬಾಸನ್ನು ಎತ್ತಿಕೊಂಡು ಪಿಯಾನೊ ಸುತ್ತಿ ಭಾವನ ಬಲಕ್ಕೆ ಬಂದು ನಿಂತ, ಅದೇ ತಂತಿಯನ್ನು ಮೀಟಿದ.

"ಹಾಂ! ಈಗ ಸರಿಯಾಯ್ತು ನೋಡು," ಎಂದರು ಭಾವ. ಹೇಳಿದ ಮೇಲೆ ಅವನು ನಿಂತ ಜಾಗ ನೋಡಿದರು. ಅವನ ಮುಖ ನೋಡಿದರು. ಕೈಗಳನ್ನು ಪಿಯಾನೊದ ಮನೆಗಳಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ನಾನು ಬಿರಡೆ ಮುಟ್ಟೇ ಇಲ್ಲ ಭಾವ."

ಕಸ ಗುಡಿಸುವಾಕೆಯ ಪೊರಕೆ ಮೂರನೆಯ ಸಾಲಿಗೆ ಬಂದಿತ್ತು. ಅವಳು ದೂರ ಹೋಗಲಿ ಎಂದು ಭಾವ ಕಾದರು.

"ಎಡಗಿವಿ," ಎಂದರು ಕೊನೆಗೆ. "ಮೇಲಿನ ಸ್ವರಗಳೇನೋ ಕೇಳ್ತವೆ. ಕೆಳಗಿನವು ಒಂದು ಕಿವಿಗೆ ಒಂದು ಥರ, ಇನ್ನೊಂದಕ್ಕೆ ಒಂದು ಥರ. ಒಂದೇ ಸ್ವರ ಎರಡಾಗಿ ಬರುತ್ತೆ. ಅದೂ ದಿನಾ ಒಂದೇ ಥರ ಇರಲ್ಲ. ಇವತ್ತು ಇಷ್ಟು ಅಂದ್ರೆ ನಾಳೆ ಇನ್ನಷ್ಟು. ಡಾಕ್ಟರು ಮಾತ್ರೆ ಕೊಟ್ಟಿದಾರೆ. ಹುಷಾರಾಗ್ಬಹುದು, ಆಗದೇನೂ ಇರಬಹುದು ಅಂತಾರೆ."

"ಮತ್ತೆ ರೆಕಾರ್ಡ್ ಹೇಗೆ ಮಾಡಿದ್ರಿ?"

"ನನ್ನ ಬೆರಳು ಎಲ್ಲಿದೆ ಅಂತ ನಂಗೆ ಗೊತ್ತಲ್ಲ. ಪಿಯಾನೊ ಶ್ರುತಿ ಬೇರೆಯವರು ಮಾಡಿಟ್ಟಿರ್ತಾರೆ. ಕಿವಿ ಏನು ಹೇಳಿದ್ರೂ ನಂಬದೆ ಬೆರಳನ್ನ ನಂಬ್ಕೊಂಡು ನುಡಿಸ್ದೆ. ಆದಷ್ಟೂ ಕೆಳಗಿನ ಮನೆಗಳಿಗೆ ಹೋಗ್ಲಿಲ್ಲ. ಪೇಪರಿನವನು ಅದನ್ನೇ ಪ್ರೌಢತೆ ಅಂತ ಬರೆದ." ಅವರು ನಗಲು ನೋಡಿದರು. "ನಿನ್ನ ಬೆರಳು ಎಲ್ಲಿರುತ್ತೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಪುಟ್ಟ? ನೀನು ನುಡಿಸಿದ್ರೆ ಸಾಕು, ಎರಡು ಬಾಸ್ ಜಗಳ ಆಡಿದ ಹಾಗೆ ಕೇಳುತ್ತೆ."

ಪುಟ್ಟನಿಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಅದು ಎಲ್ಲಿಂದ ಬಂತೋ ಅವನಿಗೇ ಅರ್ಥವಾಗಲಿಲ್ಲ.

"ಒಂದು ವರ್ಷ ಭಾವ! ಒಂದು ವರ್ಷ ನಾನು ನನ್ನ ಕೈಯನ್ನೇ ನಂಬ್ಲಿಲ್ಲ. ತಂತಿ ಬದಲಾಯಿಸ್ದೆ, ರಿಪೇರಿಯವನ ಕಾಲು ಹಿಡಿದೆ, ನನ್ನ ಕಿವಿ ತೋರಿಸ್ಕೊಂಡು ಬಂದೆ. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ರು ನನ್ನ!"

"ನೀನೂ ಕೂತ್ಯಾ?" ಎಂದರು ಭಾವ. "ಆ ಗುಂಡಿ ಒತ್ತೋ ಪೆಟ್ಟಿಗೆ?"

"ಅದೇ."

"ಮೊದಲು ನಾನು ನಿಜವಾಗಿಯೂ ನಿನ್ನದೇ ತಪ್ಪು ಅಂದ್ಕೊಂಡಿದ್ದೆ ಕಣೋ. ದೇವರಾಣೆ. ಬೈದೂ ಬಿಟ್ಟೆ. ಆಮೇಲೆ ಗೊತ್ತಾದಾಗ ಯಾವ ಮುಖ ಇಟ್ಕೊಂಡು ಹೇಳಲಿ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ. ಅಷ್ಟರಲ್ಲಿ ಯಾರಾದ್ರೂ ನೀನೆಲ್ಲಿ ಅಂತ ಕೇಳ್ತಿದ್ರು, ಬಾಯಿಗೆ ಬಂದದ್ದು ಹೇಳ್ತಿದ್ದೆ. ಯಾರಿಗೆ ಏನು ಹೇಳಿದೆ ಅನ್ನೋದೇ ಈಗ ನೆನಪಿಲ್ಲ."

"ಅಕ್ಕನಿಗೆ?"

"ಅವಳಿಗಿನ್ನೂ ಗೊತ್ತಿಲ್ಲ. ಹೇಳ್ಬೇಡ. ಗೊತ್ತಾದ್ರೆ ಕಾರ್ಯಕ್ರಮ ಎಲ್ಲ ರದ್ದು ಮಾಡಿ ಮನೇಲಿ ಕೂರಿಸ್ತಾಳೆ."

ಪುಟ್ಟ ಬಾಸನ್ನು ಮಲಗಿಸಿ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಯಾರ ಮೇಲೆ ಎನ್ನುವುದು ಕಲಸಿಹೋಗಿತ್ತು. ಭಾವ ಬಂದು ಪಕ್ಕದಲ್ಲಿ ಕೂತರು. ಅವನನ್ನು ಬಲಕ್ಕೆ ಇರಿಸಿಕೊಂಡು ಕೂತದ್ದನ್ನು ಪುಟ್ಟ ಈ ಸಲ ಗಮನಿಸಿದ.

"ಅಕ್ಕನಿಗೆ ನೀವೇ ಹೇಳಿ," ಎಂದ. "ಇವತ್ತೇ. ನಾನು ಜೊತೆಗೆ ಬರ್ತೀನಿ. ಇಲ್ಲಾಂದ್ರೆ ನಾನು ನಾಳೆ ನುಡಿಸಲ್ಲ."

ಹೇಳುವ ಕೆಲಸವನ್ನು ಭಾವ ಬಹಳ ಕೆಟ್ಟದಾಗಿ ಮಾಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹವಾಮಾನದಿಂದ ಶುರುಮಾಡಿ, ಪಿಯಾನೊ ಕಂಪನಿಗಳ ಗುಣಮಟ್ಟ ಕುಸಿದಿರುವುದಕ್ಕೆ ಬಂದು, ಅಲ್ಲಿಂದ ತಮ್ಮ ತಂದೆಯ ಕಿವಿಗೆ ಹೋದರು. ಅಕ್ಕ ತರಕಾರಿ ಹೆಚ್ಚುತ್ತಲೇ ಇದ್ದಳು. ಎಡಗಿವಿ ಎನ್ನುವ ಮಾತು ಬಂದಾಗ ಚಾಕು ನಿಂತಿತು.

"ಎಡಗಿವಿನಾ?"

"ಹ್ಞೂಂ."

"ನಾನು ಮಲಗೋದು ನಿಮ್ಮ ಎಡಗಡೆ."

"ಹ್ಞೂಂ."

"ಅಂದ್ರೆ ಒಂದು ವರ್ಷದಿಂದ ನಾನು ಮಲಗಿದಾಗ ಹೇಳಿದ್ದೆಲ್ಲ ಗೋಡೆಗೆ ಹೇಳಿದ ಹಾಗಾಯ್ತಾ? ಅಷ್ಟು ವಿಷಯ ಹೇಳಿದೀನಲ್ರೀ! ನೀವು ಹ್ಞೂಂ ಹ್ಞೂಂ ಅಂತಿದ್ರಲ್ಲ!"

"ಬೇಕಂತ ಅಲ್ಲ ಕಣೇ. ದನಿ ಕೇಳ್ತಿತ್ತು, ಮಾತು ಪೂರ್ತಿ ತಿಳೀತಿರ್ಲಿಲ್ಲ."

ಅಕ್ಕ ಚಾಕುವನ್ನು ಕೆಳಗಿಟ್ಟು ಪುಟ್ಟನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿನಂಥದ್ದೇನೋ ಇತ್ತು. "ಇವರಿಗೆ ನನ್ನ ಮೇಲೆ ಮನಸ್ಸಿಲ್ಲ ಅಂದ್ಕೊಂಡಿದ್ದೆ ಕಣೋ. ನಾನು ಏನು ಹೇಳಿದ್ರೂ ಬೇಕಿಲ್ಲ ಇವರಿಗೆ ಅಂತ. ಥೂ! ಬರೀ ಕಿವಿನಾ?" ಮತ್ತೆ ತಕ್ಷಣ ಗಾಬರಿಯಾಗಿ, "ಪೂರ್ತಿ ಹೋಗಿಬಿಡುತ್ತಾ ರೀ? ಬಲಗಿವಿಗೂ ಬರುತ್ತಾ?" ಎಂದು ಗಂಡನ ಬಲಗಿವಿಯನ್ನು ಕೈಯಲ್ಲಿ ಹಿಡಿದು ನೋಡಿದಳು, ಹೊರಗಿನಿಂದ ಏನಾದರೂ ಕಂಡೀತು ಎನ್ನುವ ಹಾಗೆ.

ಕಾರ್ಯಕ್ರಮ ರದ್ದಾಗಲಿಲ್ಲ. ಅಕ್ಕ ಹತ್ತಿ ತಂದು ಭಾವನ ಎಡಗಿವಿಗೆ ತುರುಕಿದಳು. ಪುಟ್ಟ ಬಲಕ್ಕೆ ನಿಲ್ಲುವುದು ಎಂದಾಯಿತು. ಇದರಲ್ಲಿ ಒಂದು ತೊಡಕಿತ್ತು. ವೇದಿಕೆಯಲ್ಲಿ ಪಿಯಾನೊದವರ ಬಲಗಡೆ ಎಂದರೆ ಸಭಿಕರ ಕಡೆ. ಅಲ್ಲಿ ಬಾಸ್ ನಿಲ್ಲಿಸಿದರೆ ಅರ್ಧ ಸಭಾಂಗಣಕ್ಕೆ ಭಾವ ಕಾಣುವುದೇ ಇಲ್ಲ. ಡ್ರಮ್ಮಿನವನು ಅಲ್ಲಿ ಇಲ್ಲಿ ನಿಂತು ನೋಡಿ, "ಜನ ಕೇಳೋಕೆ ಬರ್ತಾರೋ ನೋಡೋಕೋ?" ಎಂದು ಪಿಸುಗುಟ್ಟಿದ.

ಮರುದಿನ ಸಂಜೆ ಸಭಾಂಗಣ ಮುಕ್ಕಾಲು ತುಂಬಿತ್ತು. ಮೊದಲ ಹಾಡಿಗೆ ಪುಟ್ಟ ಉಸಿರು ಬಿಗಿಹಿಡಿದು ನುಡಿಸಿದ. ತಲೆ ತಿರುಗಿಸಿ ಭಾವನ ಹುಬ್ಬು ನೋಡುವ ಧೈರ್ಯ ಬರಲಿಲ್ಲ. ಎರಡನೆಯದಕ್ಕೆ ನೋಡಿದ. ಹುಬ್ಬು ಎಂದಿನ ಜಾಗದಲ್ಲೇ ಇತ್ತು. ಮೂರನೆಯದಕ್ಕೆ ಭಾವನ ಎಡಗೈ ಕೆಳಗಿನ ಮನೆಗಳಿಗೆ ಜಾರಿ ಇಳಿಯಿತು, ಹಳೆಯ ದುಂದುಗಾರಿಕೆಯಿಂದ ಅಲ್ಲೆಲ್ಲ ಓಡಾಡಿತು. ಪುಟ್ಟನಿಗೆ ಬಾಸ್ ಹಗುರವಾದ ಹಾಗೆನಿಸಿತು. ಜನ ಚಪ್ಪಾಳೆ ತಟ್ಟಿದರು. ಎಡಭಾಗದ ಕುರ್ಚಿಗಳಲ್ಲಿ ಕೂತಿದ್ದ ಕೆಲವರು ಎದ್ದು ಬಲಭಾಗಕ್ಕೆ ಹೋಗಿ ಕೂತರು.

ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ನಿಧಾನದ ಹಾಡೊಂದರ ನಡುವೆ ಪಿಯಾನೊ ಒಂದು ದಾರಿ ಹಿಡಿಯಿತು, ಬಾಸ್ ಇನ್ನೊಂದು ದಾರಿ ಹಿಡಿಯಿತು. ಪುಟ್ಟ ತಾನೇ ತಪ್ಪಿದೆ ಎಂದು ಆ ಕಡೆಗೆ ಜಿಗಿದ. ಅಷ್ಟರಲ್ಲಿ ಭಾವ ತಾವೇ ತಪ್ಪಿದೆ ಎಂದು ಈ ಕಡೆಗೆ ಜಿಗಿದಿದ್ದರು. ಡ್ರಮ್ಮಿನವನು ಇಬ್ಬರನ್ನೂ ನೋಡಿ ಕಣ್ಣು ಮುಚ್ಚಿಕೊಂಡು ತಾಳವನ್ನು ಬಿಡದೆ ಹಿಡಿದ. ಒಂದಷ್ಟು ಹೊತ್ತು ಮೂವರೂ ಮೂರು ಬೀದಿಗಳಲ್ಲಿ ಅಲೆದು ಕೊನೆಗೆ ಹೇಗೋ ಒಂದು ತಿರುವಿನಲ್ಲಿ ಎದುರಾದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಕಾರ್ಯಕ್ರಮ ಮುಗಿದ ಮೇಲೆ ಅವರು ವಾಹನದ ಹಿಂಬಾಗಿಲು ತೆಗೆದು ಬಾಸನ್ನು ಓರೆಯಾಗಿ ಒಳಗೆ ತಳ್ಳುತ್ತಿದ್ದರು. ಭಾವ ಕಿವಿಯ ಹತ್ತಿಯನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ನದಿ ದಡದ ಕಾರ್ಯಕ್ರಮ ಒಬ್ಬರದೇ ಇರಲಿ ಎಂದು ಆಗಲೇ ತೀರ್ಮಾನವಾಗಿತ್ತು. ಅದನ್ನು ಪುಟ್ಟನೇ ಹೇಳಿದ್ದ. ಕಾಲೇಜಿನದು ಮೂವರದು, ಆ ಹೊತ್ತಿಗೆ ಕಿವಿ ಹೇಗಿರುತ್ತದೋ ನೋಡಿಕೊಂಡು. ಮತ್ತೆ ಒಟ್ಟಿಗೆ ರೆಕಾರ್ಡು ಮಾಡುವ ಮಾತನ್ನು ಯಾರೂ ಎತ್ತಲಿಲ್ಲ.

"ಆ ನಿಧಾನದ ಹಾಡಲ್ಲಿ ತಪ್ಪಿದ್ದು ನೀನಾ, ನಾನಾ?" ಎಂದು ಕೇಳಿದರು ಭಾವ.

ಪುಟ್ಟ ಯೋಚಿಸಿದ. ಸುಳ್ಳು ಹೇಳಿ ತನ್ನ ಮೇಲೆ ಹಾಕಿಕೊಳ್ಳಬಹುದಿತ್ತು. ಆದರೆ ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ತಿಳೀಲಿಲ್ಲ ಭಾವ."

"ನಂಗೂ ತಿಳೀಲಿಲ್ಲ," ಎಂದರು ಅವರು. ಆ ಮಾತಿನಲ್ಲಿ, ಎಲ್ಲ ತಪ್ಪೂ ಕಿವಿಯದೇ ಅಲ್ಲವೇನೋ ಎನ್ನುವಂಥದೊಂದು ಆಸೆ ಇತ್ತು.

ಮುಂದಿನ ಸೀಟಿನಿಂದ ಅಕ್ಕ ಏನೋ ಕೂಗಿ ಹೇಳಿದಳು. ಭಾವ ಬಲಗಿವಿಯನ್ನು ಆ ಕಡೆಗೆ ತಿರುಗಿಸಿದರು. ಪುಟ್ಟ ಹಿಂಬಾಗಿಲನ್ನು ಎರಡು ಸಲ ಹಾಕಿ ನೋಡಿದ, ಬಾಸಿನ ಕತ್ತು ಅಡ್ಡ ಬರುತ್ತಿತ್ತು. ಇನ್ನೊಂದಿಷ್ಟು ಓರೆ ಮಾಡಿ ಒತ್ತಿದ ಮೇಲೆ ಬಾಗಿಲು ಕೂತಿತು.